ಗೇಟಿಗೆ ಗಾರ್ಡ್ ಇಟ್ಟರಷ್ಟೇ ಸಾಲದು: ಮಾಲೀಕರು ಮಾಡಬೇಕಾದ್ದೇನು?

ಬ್ಯಾಡಗಿ: ಮೆಣಸಿನಕಾಯಿ ಸೀಜನ್ ಬಂತೆಂದರೆ ಗೋದಾಮು, ಕೋಲ್ಡ್ ಸ್ಟೋರೇಜ್ ಮುಂದೆ ಹಗಲು ರಾತ್ರಿ ಲಾರಿ ಸಾಲು. ಒಳಗಿರೋದು ಲಕ್ಷಗಟ್ಟಲೆ ಬೆಲೆಯ ಮಾಲು. ಕಾಯೋದಕ್ಕೆ ಗೇಟಲ್ಲಿ ಒಬ್ಬ ಗಾರ್ಡ್. ಆದರೆ ಏನು ಕಾಯಬೇಕು ಅಂತ ಎಷ್ಟೋ ಕಡೆ ಅವರಿಗೆ ಯಾರೂ ಹೇಳಿರೋದಿಲ್ಲ. ಚಹಾ ತರೋದು, ಮಾಲೀಕರ ಕಾರು ಒರೆಸೋದೇ ಡ್ಯೂಟಿ. ಕಳುವಾದ್ರೆ ಮಾತ್ರ ಮೊದಲ ಅನುಮಾನ ಅವರ ಮೇಲೆ.

ಮೊದಲು ಲೈಸೆನ್ಸ್ ನೋಡಿ

ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ 2005ರಂತೆ ಏಜೆನ್ಸಿಗೆ ಲೈಸೆನ್ಸ್ ಕಡ್ಡಾಯ. ಅದರ ಅವಧಿ 5 ವರ್ಷ, ಹಾಗಾಗಿ ತಾರೀಖು ನೋಡಿಕೊಳ್ಳಿ. ಗಾರ್ಡ್ ವಯಸ್ಸು 18ರಿಂದ 65ರ ಒಳಗಿರಬೇಕು, ಪೊಲೀಸ್ ವೆರಿಫಿಕೇಶನ್ ಆಗಿರಬೇಕು. ತರಬೇತಿ ಒಟ್ಟು 160 ಗಂಟೆ: ತರಗತಿಯಲ್ಲಿ 100, ಫೀಲ್ಡಲ್ಲಿ 60. ಮಾಜಿ ಸೈನಿಕರು, ಮಾಜಿ ಪೊಲೀಸರಿಗೆ ಇದು ಕಡಿಮೆ. ದಾಖಲೆಗಳ ಪ್ರತಿ ಕೇಳಿ ಪಡೆಯಿರಿ.

ಕೆಲಸ ಬರೆದು ಕೊಡಿ

ಒಂದೇ ಹಾಳೆ ಸಾಕು, ಕನ್ನಡದಲ್ಲಿರಲಿ, ಗೇಟಿನ ಕೋಣೆಯಲ್ಲಿ ಅಂಟಿಸಿ.

* ಗೇಟ್ ಪಾಸ್ ಮೇಲೆ ಯಾರ ಸಹಿ ಇದ್ದರೆ ಲಾರಿ ಬಿಡಬೇಕು
* ಚೀಟಿಯ ಲೆಕ್ಕಕ್ಕೂ ಚೀಲದ ಲೆಕ್ಕಕ್ಕೂ ತಾಳೆ ಬರದಿದ್ದರೆ ಯಾರಿಗೆ ಹೇಳಬೇಕು
* ಹಮಾಲರು, ಡ್ರೈವರ್‌ಗಳು ಎಲ್ಲಿವರೆಗೆ ಹೋಗಬಹುದು
* ರಾತ್ರಿ ಎಷ್ಟು ಹೊತ್ತಿಗೊಮ್ಮೆ ಸುತ್ತು ಹಾಕಬೇಕು
* ಫೋನ್ ಮಾಡಬೇಕಾದ ನಂಬರ್‌ಗಳು, ತುರ್ತಿಗೆ 112

ನಿಯಮ ಮಾಲೀಕರ ಮನೆಯವರಿಗೂ ಒಂದೇ. ಪಾಸ್ ಕೇಳಿದ್ದಕ್ಕೆ ಮಾಲೀಕರ ಅಳಿಯನ ಎದುರು ಗಾರ್ಡನ್ನು ಬೈದರೆ, ಮರುದಿನದಿಂದ ಅವರು ಯಾರನ್ನೂ ತಡೆಯಲ್ಲ.

ಗಾರ್ಡ್ ಪೊಲೀಸ್ ಅಲ್ಲ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ ಅಪರಾಧ ಮಾಡಿದವನನ್ನು ಯಾರು ಬೇಕಾದರೂ ಹಿಡಿಯಬಹುದು. ಆದರೆ ತಡ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಕಟ್ಟಿ ಹಾಕಿ ಹೊಡೆದರೆ ಕೇಸ್ ಗಾರ್ಡ್ ಮೇಲೇ ಬೀಳುತ್ತೆ. ಇದನ್ನು ಮೊದಲೇ ತಿಳಿಸಿ ಹೇಳಿ.

ಬೆಂಕಿ ಬಿದ್ದರೆ?

ಮೆಣಸಿನಕಾಯಿ ಸುಟ್ಟ ಹೊಗೆಯಲ್ಲಿ ಉಸಿರಾಡೋದೇ ಕಷ್ಟ. ಒಳಗೆ ನುಗ್ಗೋ ಸಾಹಸ ಬೇಡ. ಮೊದಲು ಜನರನ್ನು ಹೊರಗೆ ಕಳಿಸಬೇಕು, ಫೋನ್ ಮಾಡಬೇಕು, ಅಗ್ನಿಶಾಮಕ ವಾಹನಕ್ಕೆ ಗೇಟ್ ದಾರಿ ಖಾಲಿ ಮಾಡಿಸಬೇಕು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಪಿನ್ ಹೇಗೆ ಎಳೆಯೋದು ಅಂತ ಗಾರ್ಡ್ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿ.

ನಿದ್ದೆಗೆ ಕಾರಣ ಹುಡುಕಿ

12 ಗಂಟೆ ಒಬ್ಬರೇ ಕೂತರೆ ಯಾರಿಗಾದರೂ ನಿದ್ದೆ ಬರುತ್ತೆ. ಅದರ ಮೇಲೆ ಹಗಲು ಇನ್ನೊಂದು ಕಡೆ ದುಡಿದು ಬಂದಿದ್ದರೆ ಕೇಳೋದೇ ಬೇಡ. ಊಟಕ್ಕೆ ಹೋದಾಗ ಬದಲಿ ಆಳು, ಕುಡಿಯೋ ನೀರು, ಶೌಚಾಲಯ, ಟಾರ್ಚ್, ಕಾಂಪೌಂಡಿಗೆ ಲೈಟ್ ಕೊಡಿ. ಆಮೇಲೆ ತಿಂಗಳಿಗೆರಡು ಸಲ ನಸುಕಿನ ಜಾವ ಹೇಳದೇ ಹೋಗಿ ನೋಡಿ. ರಿಜಿಸ್ಟರ್ ದಿನಾ ಓದಿ, ಸಹಿ ಹಾಕಿ. ಯಾರೂ ಓದದ ರಿಜಿಸ್ಟರನ್ನು ಯಾರೂ ಸರಿಯಾಗಿ ಬರೆಯಲ್ಲ.

ಕಡಿಮೆ ರೇಟಿನ ಆಸೆ ಬೇಡ

ಎಲ್ಲರಿಗಿಂತ ಕಡಿಮೆ ರೇಟ್ ಹೇಳೋ ಏಜೆನ್ಸಿ ಬಹುತೇಕ ಉಳಿಸೋದು ಗಾರ್ಡ್ ಸಂಬಳದಲ್ಲೇ. ಬಿಲ್ ಜೊತೆ ಸಂಬಳ ಜಮೆಯಾದ ದಾಖಲೆ, ಪಿಎಫ್, ಇಎಸ್‌ಐ ಚಲನ್ ಕೇಳಿ. ಸಂಬಳ ಸರಿಯಾಗಿ ಸಿಗದಿದ್ದರೆ ಗಾರ್ಡ್ ತಿಂಗಳಿಗೊಬ್ಬರು ಬದಲಾಗ್ತಾರೆ. ಹೊಸಬರಿಗೆ ಲಾರಿಯೂ ಗೊತ್ತಿಲ್ಲ, ಮುಖಗಳೂ ಗೊತ್ತಿಲ್ಲ. ಗೇಟಲ್ಲಿ ಎರಡು ಸೀಜನ್ ಕಂಡ ಗಾರ್ಡ್‌ಗೆ ಯಾವ ಲಾರಿ ಯಾಕೆ ಬಂತು ಅಂತ ನೋಡಿದ ಕೂಡಲೇ ತಿಳಿಯುತ್ತೆ. ಅಂಥವರನ್ನು ಉಳಿಸಿಕೊಳ್ಳಿ, ಹೆಸರು ಹಿಡಿದು ಮಾತಾಡಿಸಿ.