ಸೋತವರ ಕಣ್ಣಲ್ಲಿ ನೆರೆಯವರ ಬಲ

ಫ್ರೆಂಚರಿಗೂ ಜರ್ಮನರಿಗೂ ಹಿಂದೆ ಇದ್ದದ್ದು ಬರೀ ಹಗೆ ಎನ್ನುವುದು ಅರ್ಧ ಸತ್ಯ. ಸೋತಾಗಲೆಲ್ಲ ಅವರು ಗೆದ್ದವರ ಬಲದ ಗುಟ್ಟನ್ನು ಹುಡುಕಿದ್ದಾರೆ, ಆ ಹುಡುಕಾಟ ಸೋತವರನ್ನೇ ತಿದ್ದಿದೆ. 1806ರಲ್ಲಿ ಯೇನಾದಲ್ಲಿ ನೆಪೋಲಿಯನ್ನನೆದುರು ಮಣ್ಣುಮುಕ್ಕಿದ ಜರ್ಮನ್ ರಾಜ್ಯ ಪ್ರಷ್ಯಾಕ್ಕೆ, ಫ್ರಾನ್ಸಿನ ಶಕ್ತಿ ಫಿರಂಗಿಗಿಂತ ಹೆಚ್ಚಾಗಿ ದೇಶ ತಮ್ಮದೆಂದು ನಂಬಿದ ಪ್ರಜೆಗಳಲ್ಲಿದೆ ಎಂದು ಹೊಳೆಯಿತು. ಮರುವರ್ಷವೇ ರೈತರ ಜೀತ ಕೊನೆಗಾಣಿಸುವ ಶಾಸನ ಬಂತು. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ತೆರೆಯಿತು. ಅದೇ ವರ್ಷ, ಜರ್ಮನರ ಕಾವ್ಯ, ತತ್ವಚಿಂತನೆಗಳನ್ನು ಮೆಚ್ಚಿ ಮದಾಂ ದ ಸ್ತಾಲ್ ಬರೆದ ಪುಸ್ತಕದ ಪ್ರತಿಗಳನ್ನು ನೆಪೋಲಿಯನ್ ನಾಶಮಾಡಿಸಿದ. ಗೆಲುವಿನ ಅಮಲಿನಲ್ಲಿದ್ದವನಿಗೆ ನೆರೆಯವರ ಹೊಗಳಿಕೆಯೂ ಸಹ್ಯವಾಗಲಿಲ್ಲ.

1870ರ ಯುದ್ಧದಲ್ಲಿ ಸರದಿ ತಿರುಗಿತು. ಸೆಡಾನ್‌ನಲ್ಲಿ ಫ್ರೆಂಚ್ ಚಕ್ರವರ್ತಿಯೇ ಸೆರೆಸಿಕ್ಕ; 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲೇ ಜರ್ಮನ್ ಸಾಮ್ರಾಜ್ಯ ಘೋಷಣೆಯಾಯಿತು. ಗೆದ್ದದ್ದು ಪ್ರಷ್ಯಾದ ಶಾಲೆಮೇಷ್ಟ್ರು ಎಂಬ ಮಾತು ಫ್ರಾನ್ಸಿನಲ್ಲಿ ಹಬ್ಬಿತು. 1881–82ರಲ್ಲಿ ಶಿಕ್ಷಣ ಸಚಿವ ಜೂಲ್ ಫೆರಿಯ ಕಾನೂನುಗಳು ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಸಿ, ಕಡ್ಡಾಯಗೊಳಿಸಿದವು. ಅದು ಮೆಚ್ಚುಗೆಯಲ್ಲ, ಸೇಡಿನ ತಯಾರಿ ಎಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ: 1887ರಲ್ಲಿ ಬೆತಾನಿಯೆ ಬರೆದ ಚಿತ್ರದಲ್ಲಿ ಮೇಷ್ಟ್ರು ಭೂಪಟದ ಮೇಲೆ ಕಪ್ಪಾಗಿ ಕಾಣುವ, ಆ ಯುದ್ಧದಲ್ಲಿ ಕೈತಪ್ಪಿದ ಅಲ್ಸೇಸ್-ಲೊರೇನ್ ಪ್ರಾಂತ್ಯವನ್ನು ಹುಡುಗನಿಗೆ ತೋರಿಸುತ್ತಿದ್ದಾನೆ. ಆದರೆ ಸೇಡೊಂದೇ ಕಾರಣವಾಗಿದ್ದರೆ, ಸಮಾಜಶಾಸ್ತ್ರಜ್ಞ ಡರ್ಕೈಮ್ 1885–86ರಲ್ಲಿ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಕಲಿತು ಬಂದದ್ದನ್ನೂ, ಅಲ್ಲಿಯ ವಿದ್ವತ್ತನ್ನು ಆದರದಿಂದ ಬರೆದದ್ದನ್ನೂ ವಿವರಿಸುವುದು ಕಷ್ಟ. ಬೆತಾನಿಯೆಯ ಆ ಚಿತ್ರ ಇಂದು ಬರ್ಲಿನ್ನಿನ ಜರ್ಮನ್ ಇತಿಹಾಸ ಸಂಗ್ರಹಾಲಯದಲ್ಲಿದೆ.