ಟ್ಯೂಬ್ ಆಂಪ್ಲಿಫೈಯರ್ ಶಾಖ: ಹಾಡು ಒಬ್ಬರ ಕಿವಿಗೆ, ಬಿಸಿ ಮನೆಮಂದಿಗೆಲ್ಲ

ಹೆಡ್‌ಫೋನ್ ಹಾಕಿಕೊಂಡರೆ ಹಾಡು ಒಬ್ಬರದೇ. ಆದರೆ ಆ ಹೆಡ್‌ಫೋನ್ ಟ್ಯೂಬ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ್ದರೆ, ಅದು ಹೊರಹಾಕೋ ಬಿಸಿ ಕೋಣೆಯಲ್ಲಿರುವ ಎಲ್ಲರದ್ದೂ. ಬೆಂಗಳೂರಿನ ಫ್ಲಾಟಿನಲ್ಲಿ ಇದು ಹವ್ಯಾಸಿಗಳ ಹರಟೆಯ ವಿಷಯ. ಗದಗ ತಾಲೂಕಿನ ಕುರ್ತಕೋಟಿಯಂಥ ಊರಿನಲ್ಲಿ, ಏಪ್ರಿಲ್-ಮೇ ಬಿಸಿಲಿಗೆ ಕಾದ ಸ್ಲ್ಯಾಬಿನ ಕೆಳಗೆ ಇಡೀ ಮನೆ ಮಲಗಿರುವಾಗ, ಇದು ಲೆಕ್ಕ ಹಾಕಲೇಬೇಕಾದ ವಿಷಯ. ಹಾಗಾದರೆ ಎಷ್ಟು ಬಿಸಿ, ಎಷ್ಟು ಕರೆಂಟು, ಎಷ್ಟು ಅಪಾಯ?

ಟ್ಯೂಬ್ ಯಾಕೆ ಕಾಯುತ್ತೆ?

ಟ್ಯೂಬ್ ಅಥವಾ ವಾಲ್ವ್ ಅಂದ್ರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ಕ್ಯಾಥೋಡನ್ನು ಕೆಂಪಗೆ, ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದರಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಈ ವಿದ್ಯಮಾನದ ನಿಯಮ ಕಂಡುಹಿಡಿದ ಓವೆನ್ ರಿಚರ್ಡ್‌ಸನ್‌ಗೆ 1928ರ ಭೌತಶಾಸ್ತ್ರದ ನೊಬೆಲ್ ಬಂತು. ಅಂದರೆ ಇಲ್ಲಿ ಬಿಸಿ ಅನ್ನೋದು ದೋಷ ಅಲ್ಲ, ಯಂತ್ರ ನಡೆಯೋದೇ ಬಿಸಿಯಿಂದ. ಕಾಯದಿದ್ದರೆ ಹಾಡೂ ಇಲ್ಲ.

ಶಾಖದ ಮೂಲ ಎರಡು. ಒಂದು, ಕ್ಯಾಥೋಡ್ ಕಾಯಿಸುವ ಹೀಟರ್. 12ಎಯು7 ಎಂಬ ಸಣ್ಣ ಟ್ಯೂಬಿನ ಹೀಟರ್‌ಗೆ 2 ವ್ಯಾಟಿಗಿಂತ ಸ್ವಲ್ಪ ಕಮ್ಮಿ ಸಾಕು. ಹೆಡ್‌ಫೋನ್ ಆಂಪ್‌ಗಳಲ್ಲಿ ಜನಪ್ರಿಯವಾಗಿರುವ 6080 ಟ್ಯೂಬಿನ ಹೀಟರ್ 6.3 ವೋಲ್ಟ್‌ನಲ್ಲಿ 2.5 ಆಂಪಿಯರ್ ಎಳೆಯುತ್ತೆ, ಅಂದರೆ 15.75 ವ್ಯಾಟ್. ಎರಡು, ಪ್ಲೇಟ್‌ಗೆ ಎಲೆಕ್ಟ್ರಾನುಗಳು ಬಡಿದಾಗ ಹುಟ್ಟುವ ಶಾಖ. ಇಂಥ ಆಂಪ್‌ಗಳು ಬಹುತೇಕ 'ಕ್ಲಾಸ್ ಎ' ಮಾದರಿಯವು. ಹಾಡು ಇರಲಿ ಬಿಡಲಿ, ಇವು ಒಂದೇ ಸಮ ಕರೆಂಟು ಎಳೆಯುತ್ತವೆ. ಹಾಗಾಗಿ 'ವಾಲ್ಯೂಮ್ ಕಮ್ಮಿ ಮಾಡಿದ್ರೆ ಬಿಸಿ ಕಮ್ಮಿ ಆಗುತ್ತೆ' ಅನ್ನೋದು ತಪ್ಪು ತಿಳುವಳಿಕೆ.

ಎಷ್ಟು ಹೋಗುತ್ತೆ, ಎಷ್ಟು ಬರುತ್ತೆ?

ಒಂದು 12ಎಯು7, ಒಂದು 6080 ಇರುವ ಆಂಪ್ ಗೋಡೆಯ ಪ್ಲಗ್ಗಿನಿಂದ 40 ವ್ಯಾಟ್ ಎಳೆಯುತ್ತೆ ಅಂತ ಹಿಡಿಯೋಣ. ಹೆಡ್‌ಫೋನ್‌ಗೆ ಬೇಕಾಗೋದು ಕೆಲವೇ ಮಿಲಿವ್ಯಾಟ್. ಉದಾರವಾಗಿ 20 ಮಿಲಿವ್ಯಾಟ್ ಅಂದುಕೊಂಡರೂ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಕಿವಿಗೆ ಹೋಯಿತು. ಉಳಿದ 1,999 ಪಾಲು ನೇರವಾಗಿ ಕೋಣೆಗೆ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಡಾಂಗಲ್ ಇದೇ ಕೆಲಸವನ್ನು ಒಂದು ವ್ಯಾಟಿನೊಳಗೆ ಮುಗಿಸುತ್ತೆ.

ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 33 ಕಿಲೋ ಗಾಳಿ ಇರುತ್ತೆ. ಶಾಖ ಎಲ್ಲಿಗೂ ಹೋಗದಂತೆ ಮುಚ್ಚಿಟ್ಟರೆ 40 ವ್ಯಾಟ್ ಆ ಗಾಳಿಯನ್ನು ಒಂದು ಗಂಟೆಯಲ್ಲಿ 4 ಡಿಗ್ರಿಯಷ್ಟು ಏರಿಸಬಲ್ಲದು. ವಾಸ್ತವದಲ್ಲಿ ಗೋಡೆ, ನೆಲ, ಕಿಟಕಿ ಅದರ ಬಹುಪಾಲನ್ನು ಎಳೆದುಕೊಳ್ಳುವುದರಿಂದ ಏರಿಕೆ ಇದಕ್ಕಿಂತ ತುಂಬಾ ಕಮ್ಮಿ. ಇನ್ನೊಂದು ಹೋಲಿಕೆ ನೋಡಿ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡ್ತಾನೆ. ಅಂದ್ರೆ ಈ ಆಂಪ್ ಕೋಣೆಗೆ ಬಂದ 'ಅರ್ಧ ಆಳು' ಅತಿಥಿ.

ಮನೆ ಯಾವುದು ಅನ್ನೋದೇ ಮುಖ್ಯ

ಉತ್ತರ ಕರ್ನಾಟಕದ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ ಹಗಲಿನ ಶಾಖವನ್ನು ತಡೆದು ಹಿಡಿಯುತ್ತೆ, ಮೇಲಿನ ಬೆಳಕಿಂಡಿಯಿಂದ ಬಿಸಿಗಾಳಿ ಹೊರಹೋಗುತ್ತೆ. ಅಲ್ಲಿ 40 ವ್ಯಾಟ್ ಗೊತ್ತೂ ಆಗೋದಿಲ್ಲ. ತಗಡಿನ ಅಥವಾ ಕಾಂಕ್ರೀಟ್ ಸೂರಿನ ಒಂದೇ ಕೋಣೆಯ ಮನೆಯ ಕಥೆ ಬೇರೆ. ಸ್ಲ್ಯಾಬು ಹಗಲು ಕುಡಿದ ಶಾಖವನ್ನು ರಾತ್ರಿಯೆಲ್ಲ ಕೆಳಗೆ ಬಿಡುತ್ತೆ. ಸೊಳ್ಳೆ ಕಾಟಕ್ಕೆ ಕಿಟಕಿ ಮುಚ್ಚಿರುತ್ತೆ. ಉಳಿದವರು ಮಲಗಿದ್ದಾರೆ ಅಂತಲೇ ತಾನೆ ನಾವು ಹೆಡ್‌ಫೋನ್ ಹಾಕೋದು? ಸದ್ದಿನಿಂದ ಅವರನ್ನು ಕಾಪಾಡಿ, ಬಿಸಿಯನ್ನು ಅವರ ಪಾಲಿಗೆ ಬಿಟ್ಟಂತೆ ಆಯ್ತು. ವಯಸ್ಸಾದವರು, ಕೂಸುಗಳು ಇರೋ ಮನೆಯಲ್ಲಿ ರಾತ್ರಿಯ ಒಂದೊಂದು ಡಿಗ್ರಿಗೂ ಬೆಲೆ ಇದೆ.

ಗೃಹಜ್ಯೋತಿ ಲೆಕ್ಕ

ದಿನಕ್ಕೆ 3 ಗಂಟೆ ಕೇಳಿದರೆ ತಿಂಗಳಿಗೆ 3.6 ಯೂನಿಟ್. ಕಮ್ಮಿ ಅನ್ನಿಸುತ್ತೆ. ಆದರೆ 2023ರಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಇಲ್ಲ. 200 ಅನ್ನೋದು ಮೇಲಿನ ಮಿತಿ. ಯೋಜನೆ ಶುರುವಾದಾಗ ಮನೆಯ ಪಾಲು ಅಂದ್ರೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ 10 ಅಂತ ಇತ್ತು. ಸರಾಸರಿ 60 ಯೂನಿಟ್ ಇದ್ದ ಮನೆಗೆ ಸಿಗುವ ಹೆಚ್ಚುವರಿ 6 ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಒಂದು ಆಂಪ್ ತಿಂದುಹಾಕುತ್ತೆ. ಮೊದಲಿನಿಂದಲೂ ಹೆಚ್ಚು ಉರಿಸಿದವರಿಗೆ ಹೆಚ್ಚು ಜಾಗ, ಮಿತವಾಗಿ ಬಳಸಿದವರಿಗೆ ಕಮ್ಮಿ ಜಾಗ ಅನ್ನುವ ಈ ಯೋಜನೆಯ ಕೊರತೆ ಇಂಥ ಸಣ್ಣ ಲೆಕ್ಕಗಳಲ್ಲೇ ಕಾಣಿಸೋದು.

ಹಾಗಂತ ಹವ್ಯಾಸಿಯನ್ನೇ ಖಳನಾಯಕ ಮಾಡಬೇಕಿಲ್ಲ. ಹಳೇ 75 ವ್ಯಾಟಿನ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 13.5 ಯೂನಿಟ್ ಉಳಿಯುತ್ತೆ. ಇದು ಆಂಪ್ ಬಳಕೆಯ ಮೂರೂವರೆ ಪಟ್ಟಿಗಿಂತ ಹೆಚ್ಚು. ಕೋಣೆಯ ಶಾಖವೂ 45 ವ್ಯಾಟ್ ಇಳಿಯುತ್ತೆ. ಫ್ಯಾನು ಗಾಳಿಯನ್ನು ತಣ್ಣಗೆ ಮಾಡೋದಿಲ್ಲ, ಬೆವರು ಆರಿಸುತ್ತೆ ಅಷ್ಟೇ. ಅದರ ಮೋಟಾರಿನ ಶಾಖವೂ ಕೋಣೆಗೇ ಸೇರುತ್ತೆ.

ಇದೇನು ಹೊಸತಲ್ಲ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದಾಗ ಈ ಸೀಮೆಯಲ್ಲಿ ರೇಡಿಯೋ ಅಂದ್ರೆ ವಾಲ್ವ್ ರೇಡಿಯೋನೇ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆ ಹಳೇ ದಾಸ್ತಾನಿಗೆ ಇವತ್ತೂ ಹವ್ಯಾಸಿಗಳಲ್ಲಿ ಬೇಡಿಕೆ ಇದೆ. ಆಗಿನ ರೇಡಿಯೋ ಕೂಡ ಇಷ್ಟೇ ಕಾಯುತ್ತಿತ್ತು. ಆದರೆ ಒಂದು ಪೆಟ್ಟಿಗೆಯ ಸುತ್ತ ಓಣಿಯೇ ಕೂರುತ್ತಿತ್ತು. ಭೀಮಸೇನ ಜೋಶಿ, ಪುಟ್ಟರಾಜ ಗವಾಯಿಗಳ ಈ ಸೀಮೆಗೆ ಸಂಗೀತದ ಹುಚ್ಚು ಹೊಸದಲ್ಲ. ಬದಲಾಗಿದ್ದು ಇಷ್ಟೇ: ಅಷ್ಟೇ ಶಾಖ, ಕೇಳುಗ ಮಾತ್ರ ಒಬ್ಬ.

ಇಟ್ಟುಕೊಂಡಿದ್ದರೆ ಏನು ಮಾಡಬೇಕು?

ಆಂಪ್ ಮೇಲೆ ಪುಸ್ತಕ, ಬಟ್ಟೆ ಇಡಬೇಡಿ. ಮುಚ್ಚಿದ ಕಪಾಟಿನಲ್ಲಂತೂ ಬೇಡವೇ ಬೇಡ. ಮೇಲೆ, ಸುತ್ತ ಅರ್ಧ ಅಡಿ ಖಾಲಿ ಇರಲಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತೆ ಅನ್ನೋದು ಇಂಜಿನಿಯರಿಂಗಿನ ಹಳೇ ಲೆಕ್ಕ. 28 ಡಿಗ್ರಿಯ ಕೋಣೆಯಲ್ಲಿ ಬಾಳಿಕೆ ಬರುವ ಆಂಪ್ 38 ಡಿಗ್ರಿಯಲ್ಲಿ ಅಷ್ಟು ಬಾರದು.

ವೋಲ್ಟೇಜ್ ಏರಿಳಿತ ಇರೋ ಊರಲ್ಲಿ ಸ್ಟೆಬಿಲೈಸರ್ ಬೇಕೇಬೇಕು. 230 ಇರಬೇಕಾದದ್ದು 253 ಆದರೆ ಹೀಟರ್ ಶಕ್ತಿ ಶೇ 15ರಿಂದ 20ರಷ್ಟು ಏರುತ್ತೆ. ತೀರಾ ಇಳಿದರೆ ಕ್ಯಾಥೋಡ್ ಬೇಕಾದಷ್ಟು ಕಾಯದೆ ಹಾಳಾಗುತ್ತೆ. ಗಾಜು ಮುಟ್ಟಿದರೆ ಕೈ ಸುಡುತ್ತೆ, ಮಕ್ಕಳ ಕೈಗೆ ಎಟುಕದಂತೆ ಇಡಿ. ಒಳಗೆ 100 ವೋಲ್ಟ್‌ಗಿಂತ ಹೆಚ್ಚು, ಕೆಲವದರಲ್ಲಿ 300ರವರೆಗೂ ಡಿಸಿ ಇರುತ್ತೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಅದು ಉಳಿದಿರಬಹುದು, ಜೀವಕ್ಕೆ ಅಪಾಯ. ಹಾಗಾಗಿ ತಿಳಿಯದೆ ಮುಚ್ಚಳ ಬಿಚ್ಚಬೇಡಿ. ಮೂರು ಪಿನ್ನಿನ ಅರ್ಥಿಂಗ್ ಸರಿಯಿದೆಯಾ ಅಂತ ಮೊದಲು ನೋಡಿಸಿ.

ಕೇಳದಾಗ ಆಫ್ ಮಾಡಿ. ಅರ್ಧ ನಿಮಿಷದಲ್ಲಿ ಮತ್ತೆ ಕಾಯುತ್ತೆ, 'ಯಾವಾಗಲೂ ಆನ್ ಇರಬೇಕು' ಅನ್ನೋ ನಂಬಿಕೆಗೆ ಆಧಾರವಿಲ್ಲ. ಬೇಸಿಗೆಯಲ್ಲಿ ಡಾಂಗಲ್, ಮಳೆಗಾಲ-ಚಳಿಗಾಲದಲ್ಲಿ ಟ್ಯೂಬ್ ಅಂತ ಹಂಚಿಕೊಂಡರೂ ಹಾಡಿಗೇನೂ ನಷ್ಟವಿಲ್ಲ.

ಒಂದು ಆಂಪ್ ಆಫ್ ಮಾಡಿದ ಮಾತ್ರಕ್ಕೆ ಕುರ್ತಕೋಟಿಯ ಬೇಸಿಗೆ ತಣ್ಣಗಾಗೋದಿಲ್ಲ. ಆದರೆ 40 ವ್ಯಾಟೂ ಭಾರವಾಗುವಂಥ ಸೂರಿನ ಕೆಳಗೆ ಜನ ಯಾಕೆ ಮಲಗಬೇಕಾಗಿದೆ ಅನ್ನೋ ಪ್ರಶ್ನೆಯನ್ನು ಪಂಚಾಯ್ತಿಯ ವಸತಿ ಯೋಜನೆಯ ಮುಂದೆ ಇಡೋಕೆ ಈ ಲೆಕ್ಕ ಸಾಕು.