ಬಿಂಬ ಮತ್ತು ಧ್ವನಿ: ಪುಣೆಯಿಂದ ಕನ್ನಡನಾಡಿನವರೆಗೆ ಮುಸ್ಲಿಂ ಮಹಿಳೆಯ ಮಾಧ್ಯಮ ಚಿತ್ರಣ

ಪುಣೆ ನಗರದ ದಕ್ಷಿಣ ಅಂಚಿನಲ್ಲಿರುವ ಕಾತ್ರಜ, ಕನ್ನಡನಾಡಿನಿಂದ ಬೆಳಗಾವಿ, ಕೊಲ್ಹಾಪುರ, ಸಾತಾರಗಳ ಮಾರ್ಗವಾಗಿ ಬರುವವರಿಗೆ ಪುಣೆಯ ಹೆಬ್ಬಾಗಿಲು. 18ನೆಯ ಶತಮಾನದ ಮಧ್ಯಭಾಗದಲ್ಲಿ ಪೇಶ್ವೆ ನಾನಾಸಾಹೇಬನ ಕಾಲದಲ್ಲಿ ಇಲ್ಲಿಯ ಕೆರೆಯ ನೀರನ್ನು ನೆಲದಡಿಯ ಕಾಲುವೆಯ ಮೂಲಕ ಪೇಟೆಯ ಹೌಜುಗಳಿಗೆ ಹರಿಸಲಾಯಿತು. ಪೇಟೆಯ ಜನ ಕಂಡದ್ದು ಹೌಜನ್ನು, ಕೆರೆಯನ್ನಲ್ಲ. ಕಾತ್ರಜದ ನೆರೆಯ ಕೊಂಢ್ವಾ ಇಂದು ಮುಸ್ಲಿಮರು ಹೆಚ್ಚಿನ ಸಂಖ್ಯೆಯಲ್ಲಿ ನೆಲೆಸಿರುವ ಬಡಾವಣೆ. ಅಲ್ಲಿಯ ಮಹಿಳೆಯರನ್ನು ಹೊರಗಿನ ಓದುಗನು ಬಲ್ಲದ್ದು ಬಹುಮಟ್ಟಿಗೆ ಪತ್ರಿಕೆ, ಸಿನಿಮಾ, ದೂರದರ್ಶನಗಳೆಂಬ ಹೌಜುಗಳಿಂದಲೇ. ಈ ಬಿಂಬ ರೂಪುಗೊಂಡ ಬಗೆಯನ್ನು ಪುಣೆಯ ಎರಡು ಪ್ರಸಂಗಗಳು ಹಾಗೂ ಕನ್ನಡದ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಫಾತಿಮಾ ಶೇಖ್ ಪ್ರಸಂಗ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಫುಲೆ ದಂಪತಿಗಳು ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. 1856ರ ಅಕ್ಟೋಬರ್ 10ರಂದು, ಅನಾರೋಗ್ಯದಿಂದ ತವರೂರು ನಾಯಗಾಂವದಲ್ಲಿದ್ದ ಸಾವಿತ್ರಿಬಾಯಿಯವರು ಪತಿಗೆ ಬರೆದ ಪತ್ರದಲ್ಲಿ, ತಮ್ಮ ಗೈರುಹಾಜರಿಯಲ್ಲಿ ಫಾತಿಮಾಗೆ ತೊಂದರೆಯಾಗುತ್ತಿರಬಹುದೆಂದು ಚಿಂತಿಸಿದ್ದಾರೆ. ಈ ಸಹೋದ್ಯೋಗಿಯ ಕುರಿತು ನಮಗುಳಿದಿರುವ ಲಿಖಿತ ಆಧಾರ ಅತ್ಯಲ್ಪ. ದೀರ್ಘಕಾಲ ಪತ್ರಿಕೆಗಳು ಆಕೆಯನ್ನು ಗಮನಿಸಲೇ ಇಲ್ಲ. ಕಳೆದೆರಡು ದಶಕಗಳಲ್ಲಿ ಜನ್ಮದಿನಾಂಕದಿಂದ ಹಿಡಿದು ವಿವರವಾದ ಜೀವನಚರಿತ್ರೆಯೇ ಪ್ರಚಾರಕ್ಕೆ ಬಂದಿತು. 2022ರ ಜನವರಿ 9ರಂದು ಗೂಗಲ್ ಸಂಸ್ಥೆಯು ಆಕೆಯ ಚಿತ್ರವನ್ನು ತನ್ನ ಮುಖಪುಟದಲ್ಲಿ ಪ್ರಕಟಿಸಿತು. 2025ರ ಜನವರಿಯಲ್ಲಿ ಪತ್ರಕರ್ತರೊಬ್ಬರು ಆಕೆ ತಮ್ಮದೇ ಕಲ್ಪನೆಯ ಸೃಷ್ಟಿಯೆಂದು ಸಾರಿದರು. ವಿದ್ವಾಂಸರು 1856ರ ಪತ್ರವನ್ನು ಮುಂದಿಟ್ಟು ಉತ್ತರಿಸಿದರು. ಮೌನ, ಅತಿರಂಜನೆ, ನಿರಾಕರಣೆ ಎಂಬ ಈ ಮೂರು ಅವಸ್ಥೆಗಳಲ್ಲಿಯೂ ಕಾಣೆಯಾದದ್ದು ಒಂದೇ: ಕಾಯಿಲೆ ಬಿದ್ದ ಸಂಗಾತಿಯ ಪಾಲಿನ ಕೆಲಸವನ್ನೂ ಹೊತ್ತು ಶಾಲೆ ನಡೆಸಿದ ಹೆಣ್ಣು. ಅಲ್ಪ ಆಧಾರವೆಂಬುದು ಆಧಾರವೇ ಇಲ್ಲವೆಂದಾಗುವುದಿಲ್ಲ. ಅದು ಕಲ್ಪನೆಗೆ ಪರವಾನಗಿಯೂ ಅಲ್ಲ.

ಎರಡನೆಯದು ತಲಾಖ್ ವಿರೋಧಿ ಚಳವಳಿ. 1966ರ ಏಪ್ರಿಲ್ 18ರಂದು ಹಮೀದ್ ದಳವಾಯಿಯವರ ನೇತೃತ್ವದಲ್ಲಿ ಏಳು ಮಂದಿ ಮುಸ್ಲಿಂ ಮಹಿಳೆಯರು ಮುಂಬಯಿಯ ವಿಧಾನಭವನಕ್ಕೆ ಮೆರವಣಿಗೆ ಹೋಗಿ, ಬಾಯಿಮಾತಿನ ತಲಾಖ್ ಹಾಗೂ ಬಹುಪತ್ನಿತ್ವದ ನಿಷೇಧವನ್ನು ಕೇಳಿದರು. 1970ರ ಮಾರ್ಚ್ 22ರಂದು ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಲ ಸ್ಥಾಪನೆಯಾಯಿತು. 1971ರಲ್ಲಿ ಅದೇ ನಗರದಲ್ಲಿ ಮುಸ್ಲಿಂ ಮಹಿಳೆಯರ ಪರಿಷತ್ತು ನಡೆಯಿತು. ಇಂದು 1966ರ ಮೆರವಣಿಗೆ ನೆನಪಾಗುವುದು ದಳವಾಯಿಯವರ ಹೆಸರಿನಿಂದ. ಅವರ ಧೈರ್ಯ ಪ್ರಶ್ನಾತೀತ. ಆದರೆ ನಡೆದು ಹೋದವರು ‘ಏಳು ಮಂದಿ’ ಎಂಬ ಸಂಖ್ಯೆಯಾಗಿ ಉಳಿದರೆಂಬುದು ವಿಚಾರಾರ್ಹ. 1977ರಲ್ಲಿ ದಳವಾಯಿಯವರು ತೀರಿಕೊಂಡ ತರುವಾಯ ಮಂಡಲದ ಕಾರ್ಯದಲ್ಲಿ ದುಡಿದ ಅವರ ಪತ್ನಿ ಮೆಹರುನ್ನಿಸಾ ದಳವಾಯಿಯವರು ಮರಾಠಿಯಲ್ಲಿ ಆತ್ಮಕಥೆ ಬರೆದು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದರು.

ಚಿತ್ರವು ಧ್ವನಿಯನ್ನು ಪೂರ್ಣವಾಗಿ ನುಂಗಿದ್ದು ಶಾಹ್‌ಬಾನೊ ಪ್ರಕರಣದಲ್ಲಿ. ಇಂದೋರಿನ ಈ ವೃದ್ಧೆಗೆ ಕೆಳ ನ್ಯಾಯಾಲಯ ತಿಂಗಳಿಗೆ 25 ರೂಪಾಯಿ ಜೀವನಾಂಶ ವಿಧಿಸಿತ್ತು. 1980ರಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರ ಏಪ್ರಿಲ್ 23ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠ ಅದನ್ನು ಎತ್ತಿಹಿಡಿಯಿತು. ಆ ಬಳಿಕ ಚರ್ಚೆಯಾದದ್ದು ಧರ್ಮ, ರಾಷ್ಟ್ರ, ಮತಬ್ಯಾಂಕು. 179 ರೂಪಾಯಿಯಲ್ಲಿ ತಿಂಗಳು ಕಳೆಯುವುದು ಹೇಗೆಂಬ ಪ್ರಶ್ನೆ ಹಿಂದೆ ಸರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಆಕೆಯ ಹೆಸರಿನ ಬಹಿರಂಗ ಪತ್ರವೊಂದು ತೀರ್ಪನ್ನೇ ನಿರಾಕರಿಸಿದಾಗ, ಒಂದು ಪಕ್ಷಕ್ಕೆ ಆಕೆ ವೀರಳಿಂದ ಅಬಲೆಯಾದಳು, ಇನ್ನೊಂದಕ್ಕೆ ದ್ರೋಹಿಯಿಂದ ಸಾಧ್ವಿಯಾದಳು. 1986ರ ಕಾಯಿದೆಗೆ ಸಿಕ್ಕ ಪ್ರಚಾರ, ಅದೇ ಕಾಯಿದೆಯನ್ನು ಮಹಿಳೆಯರ ಪರವಾಗಿ ವ್ಯಾಖ್ಯಾನಿಸಿದ 2001ರ ಡೇನಿಯಲ್ ಲತೀಫಿ ತೀರ್ಪಿಗೆ ಸಿಗಲಿಲ್ಲ. ಮಾಧ್ಯಮಕ್ಕೆ ಬೇಕಾದದ್ದು ವಿವಾದ; ಪರಿಹಾರವಲ್ಲ.

ಇದೇ ಕಾಲಘಟ್ಟದಲ್ಲಿ ಕನ್ನಡದಲ್ಲಿ ಭಿನ್ನವಾದ ಬೆಳವಣಿಗೆಯೊಂದು ಸಂಭವಿಸಿತು. 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆ ಮುಸ್ಲಿಂ ಮಹಿಳೆಯನ್ನು ಸುದ್ದಿಯ ವಸ್ತುವಾಗಿ ಮಾತ್ರವಲ್ಲದೆ ಸುದ್ದಿಯ ಕರ್ತೃವಾಗಿಯೂ ಕಂಡಿತು. ಮನೆಯಲ್ಲಿ ಮಲಯಾಳಂ ಆಡಿ ಕನ್ನಡದಲ್ಲಿ ಕಲಿತ ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಈ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಹಾಸನದ ಬಾನು ಮುಷ್ತಾಕ್ ಅವರು ಇದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಮನೆಮಾತು ದಖನಿ ಉರ್ದು, ಬರವಣಿಗೆಯ ಭಾಷೆ ಕನ್ನಡ. ಶಾಹ್‌ಬಾನೊ ಹೆಸರು ದೇಶಕ್ಕೆ ತಿಳಿಯುವ ಮೊದಲೇ ಸಾರಾ ಅವರ ನಾದಿರಾ ತಲಾಖಿನ ಕ್ರೌರ್ಯವನ್ನು ಕನ್ನಡ ಓದುಗರ ಮುಂದಿರಿಸಿದ್ದಳು. ಬಂಡಾಯ ಸಾಹಿತ್ಯದ ವಾತಾವರಣ ಇದಕ್ಕೆ ಪೋಷಕವಾಯಿತೆಂಬುದು ನಿಜ. ಆದರೆ ಮುಖ್ಯ ಕಾರಣ ಬೇರೆ: ಇವರು ತಮ್ಮ ಸಮುದಾಯದ ಗಂಡಾಳಿಕೆಯನ್ನು ಪ್ರಶ್ನಿಸಿದರು, ಆ ಪ್ರಶ್ನೆಯನ್ನು ಸಮುದಾಯದ ವಿರುದ್ಧ ಆಯುಧವಾಗಿಸುವವರಿಗೂ ಒಗ್ಗಲಿಲ್ಲ. ಬಾನು ಅವರ ‘ಕರಿ ನಾಗರಗಳು’ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ‘ಹಸೀನಾ’ (2004) ಚಿತ್ರದಲ್ಲಿ ಗಂಡನಿಂದ ತ್ಯಕ್ತಳಾದ ಹೆಣ್ಣು ಮಸೀದಿಯ ಮುಂದೆ ನ್ಯಾಯ ಕೇಳುತ್ತಾಳೆ. ಆಕೆ ಕೇಳುವುದು ಅನುಕಂಪವನ್ನಲ್ಲ, ಹಕ್ಕನ್ನು. ಈ ಪಾತ್ರಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

ಹೀಗೆ ಮಾತಾಡಿದ್ದಕ್ಕೆ ಬೆಲೆ ತೆರಬೇಕಾಯಿತು. ಮಹಿಳೆಯರಿಗೂ ಮಸೀದಿ ಪ್ರವೇಶದ ಹಕ್ಕಿದೆಯೆಂದದ್ದಕ್ಕೆ 2000ದಲ್ಲಿ ಬಾನು ಅವರ ಕುಟುಂಬ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿತು. ಅದೇ ಹಕ್ಕನ್ನು ಕೋರಿ ಪುಣೆಯ ಮುಸ್ಲಿಂ ದಂಪತಿಗಳು ಸಲ್ಲಿಸಿದ ಅರ್ಜಿಯ ಮೇಲೆ 2019ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನೋಟೀಸು ನೀಡಿತು. ಮಹಿಳೆಯರ ಪ್ರವೇಶಕ್ಕೆ ಧರ್ಮದಲ್ಲಿ ಅಡ್ಡಿಯಿಲ್ಲವೆಂದು 2020ರಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಪ್ರಮಾಣಪತ್ರ ಸಲ್ಲಿಸಿತು. ಹಾಸನದ ಪ್ರಶ್ನೆ ಪುಣೆಯ ಮೂಲಕ ದೆಹಲಿ ತಲುಪಿದಂತಾಯಿತು.

ಆದರೆ 2022ರಲ್ಲಿ ಬಿಂಬ ಮತ್ತೆ ಹಳೆಯ ಜಾಡಿಗೆ ಮರಳಿತು. ಉಡುಪಿಯ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದದಲ್ಲಿ ವಾಹಿನಿಗಳ ಕ್ಯಾಮೆರಾಗಳು ಶಾಲಾ ಗೇಟಿನಲ್ಲಿ ವಿದ್ಯಾರ್ಥಿನಿಯರನ್ನೂ ಶಿಕ್ಷಕಿಯರನ್ನೂ ಬೆನ್ನಟ್ಟಿದವು. ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯ ವಿದ್ಯಾರ್ಥಿನಿಯರ ಅರ್ಜಿಗಳನ್ನು ವಜಾ ಮಾಡಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಅದೇ ತಿಂಗಳು, ಹಿಜಾಬ್ ಪರ ವಾದಿಸಿದವರನ್ನು ಭಯೋತ್ಪಾದನೆಯೊಡನೆ ತಳುಕುಹಾಕಿದ ಚರ್ಚೆಗಾಗಿ ಹಿಂದಿ ವಾಹಿನಿಯೊಂದಕ್ಕೆ ಸುದ್ದಿವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರ 50,000 ರೂಪಾಯಿ ದಂಡ ವಿಧಿಸಿತು. ಮುಸುಕು ದಾಸ್ಯದ ಕುರುಹೋ ಸ್ವಾತಂತ್ರ್ಯದ ಕುರುಹೋ ಎಂಬ ವಾಗ್ವಾದದ ನಡುವೆ, ತಪ್ಪಿಹೋದ ಪರೀಕ್ಷೆಯ ಮಾತು ಯಾರಿಗೂ ಮುಖ್ಯವೆನಿಸಲಿಲ್ಲ.

2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡು ಬಾನು ಅವರನ್ನು ಕೊಂಡಾಡಿತು. ಅದೇ ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದ್ದು ನ್ಯಾಯಾಲಯದ ಮೆಟ್ಟಿಲೇರಿತು. ಅರ್ಜಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ತಿರಸ್ಕೃತವಾಯಿತು, ಅವರು ಉದ್ಘಾಟಿಸಿದರು. ಒಂದೇ ವರ್ಷದೊಳಗೆ ಒಬ್ಬ ಲೇಖಕಿ ಕನ್ನಡದ ಹೆಮ್ಮೆಯೂ ಆದರು, ಕನ್ನಡದ ಹಬ್ಬಕ್ಕೆ ಸಲ್ಲುವರೇ ಎಂಬ ಪ್ರಶ್ನೆಯೂ ಆದರು.

ಈ ಸಮೀಕ್ಷೆಯಿಂದ ನಾವು ಕಾಣುವುದಿಷ್ಟು. ಮುಸ್ಲಿಂ ಮಹಿಳೆ ಮಾಧ್ಯಮದಲ್ಲಿ ಕಾಣಿಸದವಳಲ್ಲ. ಅತಿಯಾಗಿ ಕಾಣಿಸಿಕೊಂಡೂ ಕೇಳಿಸದವಳು. ಪತ್ರಿಕೆಯೊಂದು ಆಕೆಯ ಕೈಗೆ ಲೇಖನಿ ಕೊಟ್ಟ ಕಡೆ ಬಿಂಬ ಬದಲಾಯಿತು. ಆಕೆಯ ಪರವಾಗಿ ಇತರರೇ ಮಾತಾಡಿದ ಕಡೆ ಆಕೆ ಸಂಖ್ಯೆಯಾಗಿಯೋ ಸಂಕೇತವಾಗಿಯೋ ಉಳಿದಳು. ಆದ್ದರಿಂದ ಮುಂದಿನ ಸಂಶೋಧಕರು ಸುದ್ದಿಯ ತಲೆಬರಹಗಳಿಗಿಂತ ಪತ್ರ, ಅರ್ಜಿ, ಆತ್ಮಕಥೆ, ಧಾರಾವಾಹಿಗಳನ್ನು ಆಕರವಾಗಿ ಸ್ವೀಕರಿಸುವುದು ಅಗತ್ಯ. 1856ರ ಪತ್ರದ ಒಂದು ವಾಕ್ಯ ಉಳಿಯದಿದ್ದಲ್ಲಿ ಫಾತಿಮಾ ಇದ್ದಳೆಂದು ಇಂದು ಸಾಧಿಸುವುದು ಎಷ್ಟು ಕಠಿನವಾಗುತ್ತಿತ್ತೆಂಬುದನ್ನು ನೆನೆದರೆ ಈ ಮಾತಿನ ಮಹತ್ವ ಮನದಟ್ಟಾಗುತ್ತದೆ.